ನಿಮ್ಮೂರಿನ ಬಗ್ಗೆ ಹೇಳಿ

ಸಣ್ಣ ಕೋಣೆ. ಮೇಜಿನ ಮೇಲೆ ಒಂದು ರೆಕಾರ್ಡರ್, ಒಂದು ಹಾಳೆ, ಒಂದು ಪೆನ್ಸಿಲ್. ಎದುರು ಕೂತವರು ಹೆಸರು ಕೇಳಿ, ಪಾಸ್‌ಪೋರ್ಟ್ ನೋಡಿ, ಮಾತು ಶುರು ಮಾಡುತ್ತಾರೆ. ಎಷ್ಟೋ ಸಲ ಮೊದಲ ಪ್ರಶ್ನೆ ಇದೇ: ನಿಮ್ಮೂರಿನ ಬಗ್ಗೆ ಹೇಳಿ.

ತೀರ್ಥಹಳ್ಳಿಯಿಂದ ಬಂದ ಹುಡುಗನೊಬ್ಬ ಅಲ್ಲಿ ಕೂತಿದ್ದಾನೆ ಎಂದುಕೊಳ್ಳಿ. ಅವನ ಮನಸ್ಸಿನಲ್ಲಿ ತುಂಗೆ ಹರಿಯುತ್ತಿದ್ದಾಳೆ, ಬಂಡೆಗಳ ನಡುವೆ ರಾಮಮಂಟಪ ಕಾಣುತ್ತಿದೆ, ಎಳ್ಳಮಾವಾಸ್ಯೆ ಜಾತ್ರೆಯ ಗದ್ದಲ ಕೇಳುತ್ತಿದೆ. ಬಾಯಿಗೆ ಬರುವುದು ಮಾತ್ರ ‘ಮೈ ನೇಟಿವ್ ಈಸ್ ತೀರ್ಥಹಳ್ಳಿ, ಇಟ್ ಈಸ್ ವೆರಿ ನೈಸ್ ಪ್ಲೇಸ್’. ಅಷ್ಟು ಹೇಳಿ ನಿಂತುಬಿಡುತ್ತಾನೆ. ಪರೀಕ್ಷಕರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅವನ ಊರು ಚೆಂದವೋ ಇಲ್ಲವೋ ಅವರಿಗೆ ಬೇಕಿಲ್ಲ, ಹೇಳಿದ್ದು ನಿಜವೋ ಸುಳ್ಳೋ ಅದನ್ನೂ ಅವರು ನೋಡುವುದಿಲ್ಲ. ಮಾತು ತಡವರಿಸದೆ ಮುಂದುವರಿಯಿತೇ, ಪದಗಳಲ್ಲಿ ವೈವಿಧ್ಯ ಇತ್ತೇ, ವ್ಯಾಕರಣ ಎಷ್ಟು ಸರಿ, ಉಚ್ಚಾರ ಎಷ್ಟು ಸ್ಪಷ್ಟ, ಈ ನಾಲ್ಕಕ್ಕೇ ಅಂಕ. ಇದೆಲ್ಲ 11ರಿಂದ 14 ನಿಮಿಷದಲ್ಲಿ ಮುಗಿಯುತ್ತದೆ. ಆ ನಿಮಿಷಗಳ ಮೇಲೆ ಒಂದು ಮನೆಯ ಸಾಲ, ಒಬ್ಬರ ನೌಕರಿ, ಕೆಲವೊಮ್ಮೆ ಗಂಡ–ಹೆಂಡತಿ ಒಂದೇ ಸೂರಿನಡಿ ಬಾಳುವುದೂ ನಿಂತಿರುತ್ತದೆ.

ಇದು ಐಇಎಲ್‌ಟಿಎಸ್, ಜನರ ಬಾಯಲ್ಲಿ ‘ಐಲ್ಟ್ಸ್’. ಬ್ರಿಟಿಷ್ ಕೌನ್ಸಿಲ್, ಆಸ್ಟ್ರೇಲಿಯಾ ಮೂಲದ ಐಡಿಪಿ ಮತ್ತು ಕೇಂಬ್ರಿಡ್ಜ್, ಈ ಮೂವರ ಒಡೆತನದ ಪರೀಕ್ಷೆ 1989ರಿಂದ ಈ ಹೆಸರಿನಲ್ಲಿದೆ. ಅಮೆರಿಕದ ಟೋಫೆಲ್ ಇನ್ನೂ ಹಳೆಯದು, 1964ರದ್ದು. ಪಿಯರ್ಸನ್ ಕಂಪನಿಯ ಪಿಟಿಇ 2009ರಲ್ಲಿ ಬಂತು. ಹೆಸರು ಯಾವುದೇ ಇರಲಿ, ಅರ್ಜಿ ಹಾಕುವವರು ಮೊದಲು ತಿಳಿಯಬೇಕಾದ ಮಾತೊಂದಿದೆ. ಪರೀಕ್ಷೆ ನಡೆಸುವ ಸಂಸ್ಥೆ ಕೊಡುವುದು ಒಂದು ಅಂಕೆಯನ್ನು ಮಾತ್ರ. ಯಾವ ಅಂಕೆಗೆ ಬಾಗಿಲು ತೆರೆಯಬೇಕು ಎಂದು ಗೀಟು ಎಳೆಯುವುದು ಆಯಾ ದೇಶದ ವಲಸೆ ಇಲಾಖೆ. ಈ ಗೀಟು ಆಗಾಗ ಜರುಗುತ್ತದೆ, ಮತ್ತು ಅದು ಎಲ್ಲಿದೆ ಎಂದು ತಿಳಿಯದೆ ಪರೀಕ್ಷೆಗೆ ಕೂತವರ ಕಷ್ಟ ಇಂಗ್ಲಿಷ್ ಬಾರದವರ ಕಷ್ಟಕ್ಕಿಂತ ಕಡಿಮೆಯದಲ್ಲ.

2017ರಲ್ಲಿ ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ಐರ್ಲೆಂಡಿನ ಪಶುವೈದ್ಯೆಯೊಬ್ಬರ ಸುದ್ದಿ ಬಂತು. ಹುಟ್ಟಿನಿಂದ ಇಂಗ್ಲಿಷ್ ಆಡಿದವರು, ಎರಡು ಪದವಿಗಳನ್ನು ಇಂಗ್ಲಿಷಿನಲ್ಲೇ ಓದಿದವರು. ಕಾಯಂ ವಾಸದ ಅರ್ಜಿಗಾಗಿ ಪಿಟಿಇ ಬರೆದರು. ಮಿಕ್ಕದ್ದರಲ್ಲೆಲ್ಲ ದಾಟಿ, ಮಾತಿನ ವಿಭಾಗದಲ್ಲಿ ನಿಂತುಬಿಟ್ಟರು. ಬೇಕಿದ್ದದ್ದು 79, ಸಿಕ್ಕಿದ್ದು 74. ಆಗ ಪಿಟಿಇಯಲ್ಲಿ ಮಾತು ಕೇಳುತ್ತಿದ್ದದ್ದು ಮನುಷ್ಯರಲ್ಲ, ಯಂತ್ರ. ತಮ್ಮ ಐರಿಷ್ ಉಚ್ಚಾರ ಯಂತ್ರಕ್ಕೆ ಹಿಡಿಸಲಿಲ್ಲ ಎಂದು ಅವರು ನೊಂದುಕೊಂಡರು. ಯಂತ್ರದಲ್ಲಿ ದೋಷವಿಲ್ಲ, ವಲಸೆ ಇಲಾಖೆ ಇಟ್ಟ ಮಟ್ಟವೇ ಬಹಳ ಎತ್ತರ ಎಂದಿತು ಕಂಪನಿ. ಇಬ್ಬರಲ್ಲಿ ಯಾರ ಮಾತು ನಿಜವಾದರೂ, 79 ಎಂಬ ಗೀಟು ಅಲ್ಲಿ ಇಲ್ಲದಿದ್ದರೆ ಆ 74 ಒಳ್ಳೆಯ ಅಂಕವೇ ಆಗಿತ್ತು.

ನಮ್ಮವರ ಪ್ರಶ್ನೆ ಇನ್ನೊಂದು ಬಗೆಯದು. ಎಲ್‌ಕೆಜಿಯಿಂದ ಎಂಜಿನಿಯರಿಂಗ್ ತನಕ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಹತ್ತು ವರ್ಷ ಬೆಂಗಳೂರಿನ ಐಟಿ ಕಂಪನಿಯಲ್ಲಿ ಇಂಗ್ಲಿಷಿನಲ್ಲೇ ದುಡಿದವರಿಗೂ ಈ ಪರೀಕ್ಷೆ ಯಾಕೆ? ಬ್ರಿಟನ್ನಿನ ಉತ್ತರ ಒಂದು ಪಟ್ಟಿಯಲ್ಲಿದೆ. ಬಹುಪಾಲು ಜನ ಇಂಗ್ಲಿಷ್ ಆಡುವ ದೇಶಗಳೆಂದು ಅದು ಗುರುತಿಸಿದ ದೇಶಗಳ ಪ್ರಜೆಗಳಿಗೆ ಪರೀಕ್ಷೆ ಬೇಡ. ಅದರಲ್ಲಿ ಜಮೈಕಾ ಇದೆ, ಟ್ರಿನಿಡಾಡ್ ಇದೆ, ಮಾಲ್ಟಾ ಇದೆ. ಭಾರತ ಇಲ್ಲ, ನೈಜೀರಿಯಾ ಇಲ್ಲ, ಘಾನಾ ಇಲ್ಲ. ಆದರೆ ಒಂದು ಬಳಸುದಾರಿ ಉಂಟು, ಅದು ಬಹಳ ಜನಕ್ಕೆ ಗೊತ್ತಿಲ್ಲ. ಪದವಿಯನ್ನು ಇಂಗ್ಲಿಷಿನಲ್ಲೇ ಕಲಿಸಲಾಗಿದೆ, ಅದು ಬ್ರಿಟನ್ನಿನ ಪದವಿಗೆ ಸಮ ಎಂದು ಎಕ್ಟಿಸ್ ಎಂಬ ಅಲ್ಲಿನ ಸಂಸ್ಥೆ ಪರಿಶೀಲಿಸಿ ಪತ್ರ ಕೊಟ್ಟರೆ ಹಲವು ಬಗೆಯ ವೀಸಾಗಳಿಗೆ ಅದೇ ಸಾಕು. ಅಮೆರಿಕದ ಲೆಕ್ಕವೇ ಬೇರೆ. ಟೋಫೆಲ್ ಕೇಳುವುದು ಅಲ್ಲಿನ ವಿಶ್ವವಿದ್ಯಾಲಯಗಳು, ವೀಸಾ ಸಂದರ್ಶನದ ಕಿಟಕಿಯಲ್ಲಿ ಅಧಿಕಾರಿ ತನ್ನ ಕಿವಿಯನ್ನೇ ನಂಬುತ್ತಾನೆ.

ತಪ್ಪು ಪರೀಕ್ಷೆ ಬರೆದು ಹಣ, ಸಮಯ ಎರಡನ್ನೂ ಕಳೆದುಕೊಳ್ಳುವುದು ಇಲ್ಲಿ ದಿನನಿತ್ಯದ ಕಥೆ. ಐಇಎಲ್‌ಟಿಎಸ್‌ನಲ್ಲಿ ಅಕಾಡೆಮಿಕ್, ಜನರಲ್ ಟ್ರೇನಿಂಗ್ ಎಂದು ಎರಡು ಬಗೆ. ಓದಲು ಹೋಗುವವರಿಗೆ ಸಾಮಾನ್ಯವಾಗಿ ಮೊದಲನೆಯದು. ಕೆನಡಾದ ಕಾಯಂ ವಾಸಕ್ಕೆ ಎರಡನೆಯದು ಮಾತ್ರ ನಡೆಯುತ್ತದೆ, ಅಕಾಡೆಮಿಕ್‌ನಲ್ಲಿ 8 ಬಂದಿದ್ದರೂ ಅದು ಅಲ್ಲಿ ಲೆಕ್ಕಕ್ಕಿಲ್ಲ. ಬ್ರಿಟನ್ನಿನ ಕೆಲಸದ ವೀಸಾಕ್ಕೆ ಐಇಎಲ್‌ಟಿಎಸ್ ಬರೆಯುವುದಾದರೆ ‘ಯುಕೆವಿಐ’ ಎಂಬ ಹೆಸರಿನದೇ ಬೇಕು. ಪ್ರಶ್ನೆಗಳ ಮಾದರಿ ಅದೇ, ಕಷ್ಟವೂ ಅಷ್ಟೇ. ಆದರೆ ಅದು ಬ್ರಿಟನ್ ಸರ್ಕಾರ ಒಪ್ಪಿದ ಕೇಂದ್ರದಲ್ಲಿ, ಹೆಚ್ಚಿನ ಕಾವಲಿನಲ್ಲಿ ನಡೆಯುತ್ತದೆ. ಫಲಿತಾಂಶದ ಹಾಳೆಯ ಮೇಲೆ ವೀಸಾ ಅಧಿಕಾರಿ ಆನ್‌ಲೈನಿನಲ್ಲಿ ಪರಿಶೀಲಿಸುವ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಇಲ್ಲದ ಹಾಳೆ ಅಲ್ಲಿ ಬರಿ ಕಾಗದ. ವಿಶ್ವವಿದ್ಯಾಲಯದ ಪದವಿಗೆ ಹೋಗುವವರ ವಿಷಯದಲ್ಲಿ ಮಾತ್ರ ಆ ವಿಶ್ವವಿದ್ಯಾಲಯವೇ ಇಂಗ್ಲಿಷ್ ಮಟ್ಟವನ್ನು ಅಳೆದುಕೊಳ್ಳಬಹುದು, ಹಾಗಾಗಿ ಅವರಿಗೆ ಎಷ್ಟೋ ಕಡೆ ಸಾಮಾನ್ಯ ಐಇಎಲ್‌ಟಿಎಸ್ ಸಾಕಾಗುತ್ತದೆ. ಒಂದೇ ಮನೆಯ ಅಣ್ಣ ಓದಲು, ತಮ್ಮ ಕೆಲಸಕ್ಕೆ ಹೋಗುವುದಾದರೆ ಅಣ್ಣ ಬರೆದದ್ದನ್ನೇ ತಮ್ಮನೂ ಬರೆಯುವುದು ಸಹಜ. ಎಡವುವುದು ಅಲ್ಲೇ.

ಗೀಟು ಜರುಗುವ ಮಾತು ಬಂತಲ್ಲ. ಆಸ್ಟ್ರೇಲಿಯಾ 2024ರ ಮಾರ್ಚ್ 23ರಿಂದ ವಿದ್ಯಾರ್ಥಿ ವೀಸಾದ ಅಗತ್ಯವನ್ನು ಐಇಎಲ್‌ಟಿಎಸ್ 5.5ರಿಂದ 6ಕ್ಕೆ ಏರಿಸಿತು. ಅದೇ ದೇಶ 2025ರ ಆಗಸ್ಟ್ 7ರಿಂದ ಪಿಟಿಇಯಲ್ಲಿ ಓದು, ಬರಹ, ಮಾತು, ಕೇಳುವಿಕೆ ನಾಲ್ಕಕ್ಕೂ ಬೇರೆ ಬೇರೆ ಅಂಕ ನಿಗದಿ ಮಾಡಿತು. ಬ್ರಿಟನ್ ತನ್ನ ಕುಶಲ ಕೆಲಸಗಾರರ ವೀಸಾಕ್ಕೆ ಬಿ1 ಇದ್ದದ್ದನ್ನು 2026ರ ಜನವರಿ 8ರಿಂದ ಬಿ2 ಮಾಡಿದೆ. ಈ ಬಿ1, ಬಿ2ಗಳು ಯುರೋಪಿನಲ್ಲಿ ಭಾಷೆಯ ಮಟ್ಟ ಅಳೆಯುವ ಮೆಟ್ಟಿಲುಗಳು. ಕೆಳಗಿನ ಎ1ರಿಂದ ಮೇಲಿನ ಸಿ2ರ ತನಕ ಒಟ್ಟು ಆರು.

ಭಾಷೆಯನ್ನು ಗಡಿಯ ಗೇಟಾಗಿ ನಿಲ್ಲಿಸುವುದು ಹೊಸ ಯೋಚನೆಯಲ್ಲ, ಮತ್ತು ಅದರ ಮೂಲದಲ್ಲಿ ಭಾರತೀಯರೇ ಇದ್ದಾರೆ. ದಕ್ಷಿಣ ಆಫ್ರಿಕಾದ ನಟಾಲ್ ವಸಾಹತು 1897ರಲ್ಲಿ ಒಂದು ಕಾನೂನು ತಂದಿತು. ಒಳಗೆ ಬರುವವರು ಯುರೋಪಿನ ಯಾವುದಾದರೂ ಭಾಷೆಯ ಲಿಪಿಯಲ್ಲಿ ಅರ್ಜಿ ಬರೆಯಬೇಕು. ‘ಭಾರತೀಯರು ಬರಬಾರದು’ ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ, ಉದ್ದೇಶ ಮಾತ್ರ ಅದೇ. ಆಗ ಅಲ್ಲಿದ್ದ ಗಾಂಧೀಜಿ ಇದರ ವಿರುದ್ಧ ಮನವಿಗಳನ್ನು ಬರೆದರು. ಬಣ್ಣದ ಹೆಸರೆತ್ತದೆ ಬಣ್ಣದವರನ್ನು ತಡೆಯುವ ಈ ಉಪಾಯ ಲಂಡನ್ನಿಗೂ ಒಪ್ಪಿಗೆಯಾಯಿತು, 1901ರಲ್ಲಿ ಆಸ್ಟ್ರೇಲಿಯಾ ಅದನ್ನು ಇನ್ನಷ್ಟು ಮೊನಚು ಮಾಡಿಕೊಂಡಿತು. ಅಲ್ಲಿನದು ಉಕ್ತಲೇಖನ ಪರೀಕ್ಷೆ. ಅಧಿಕಾರಿ ಯುರೋಪಿನ ಯಾವುದೋ ಒಂದು ಭಾಷೆಯ 50 ಪದಗಳನ್ನು ಓದುತ್ತಾನೆ, ಬಂದವನು ಅದನ್ನು ಬರೆಯಬೇಕು. ಯಾವ ಭಾಷೆ ಎನ್ನುವುದು ಅಧಿಕಾರಿಯ ಇಷ್ಟ. ಇಂಗ್ಲಿಷ್ ಬಲ್ಲವನಿಗೆ ಬೇರೊಂದು ಭಾಷೆ ಕೊಟ್ಟರೆ ಮುಗಿಯಿತು. 1909ರ ನಂತರ ಆ ಪರೀಕ್ಷೆಯಲ್ಲಿ ಒಬ್ಬರೂ ಪಾಸಾಗಲಿಲ್ಲ.

ಅದರ ಬಣ್ಣ ಬಯಲಾದದ್ದು 1934ರಲ್ಲಿ. ಪ್ರಾಗ್ ನಗರದ ಪತ್ರಕರ್ತ ಎಗಾನ್ ಕಿಶ್ ಯುದ್ಧವಿರೋಧಿ ಸಮಾವೇಶವೊಂದಕ್ಕೆ ಹಡಗಿನಲ್ಲಿ ಬಂದರು. ನಾಜಿಗಳ ಕಡು ವಿರೋಧಿ, ಕಮ್ಯುನಿಸ್ಟ್. ಸರ್ಕಾರಕ್ಕೆ ಅವರು ಬೇಡವಾಗಿದ್ದರು. ಇಳಿಯಲು ಬಿಡದಿದ್ದಾಗ ಮೆಲ್ಬರ್ನ್‌ನಲ್ಲಿ ಹಡಗಿನಿಂದ ಕಟ್ಟೆಗೆ ಧುಮುಕಿ ಕಾಲು ಮುರಿದುಕೊಂಡರು. ಸಿಡ್ನಿಯಲ್ಲಿ ಉಕ್ತಲೇಖನಕ್ಕೆ ಕೂರಿಸಿದರು. ಕಿಶ್ ಹಲವು ಭಾಷೆ ಬಲ್ಲವರು, ಆದ್ದರಿಂದ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯನ್ನು ಹುಡುಕಿ ತಂದರು. ಕಿಶ್ ಸೋತರು, ನ್ಯಾಯಾಲಯದಲ್ಲಿ ಗೆದ್ದರು. ಆ ಕಾನೂನಿನ ಅರ್ಥದಲ್ಲಿ ಸ್ಕಾಟಿಷ್ ಗೇಲಿಕ್ ಒಂದು ಯುರೋಪಿಯನ್ ಭಾಷೆಯಲ್ಲ ಎಂದು ಆಸ್ಟ್ರೇಲಿಯಾದ ಹೈಕೋರ್ಟು ತೀರ್ಪಿತ್ತಿತು. ಪರೀಕ್ಷೆ ಮಾತ್ರ 1958ರ ತನಕ ಕಾನೂನಿನಲ್ಲಿ ಉಳಿಯಿತು.

ಇವತ್ತಿನ ಪರೀಕ್ಷೆಗಳನ್ನು ಆ ಮೋಸದ ಪರೀಕ್ಷೆಯ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಭಾಷೆ ಯಾವುದೆಂದು ಮೊದಲೇ ಗೊತ್ತು, ಅಂಕ ಕೊಡುವ ಮಾನದಂಡ ಎಲ್ಲರ ಕಣ್ಣೆದುರಿಗಿದೆ, ಲಕ್ಷಾಂತರ ಜನ ಪಾಸಾಗುತ್ತಾರೆ. ಆದರೂ ಗೀಟು ಎಳೆಯುವ ಕೈ ಸರ್ಕಾರದ್ದೇ ಎನ್ನುವುದು ಬದಲಾಗಿಲ್ಲ. ಆ ಕೈ ಎಷ್ಟು ಕಠಿಣವಾಗಬಲ್ಲದು ಎನ್ನುವುದನ್ನು ತೋರಿಸಿದ್ದು ಬ್ರಿಟನ್ನಿನ ಟೋಇಕ್ ಹಗರಣ.

2014ರ ಫೆಬ್ರುವರಿ. ಬಿಬಿಸಿಯ ಪನೋರಮಾ ಕಾರ್ಯಕ್ರಮ ಗುಪ್ತ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ದೃಶ್ಯಗಳನ್ನು ತೋರಿಸಿತು. ವಿದ್ಯಾರ್ಥಿ ವೀಸಾ ವಿಸ್ತರಣೆಗೆ ಬೇಕಾದ ಟೋಇಕ್ ಪರೀಕ್ಷೆಯಲ್ಲಿ ಒಬ್ಬರ ಬದಲು ಇನ್ನೊಬ್ಬರು ಮಾತಾಡುತ್ತಿದ್ದರು, ಮೇಲ್ವಿಚಾರಕನೇ ಉತ್ತರ ಓದಿ ಹೇಳುತ್ತಿದ್ದ. ಸರ್ಕಾರ ಎಚ್ಚೆತ್ತಿತು. ಪರೀಕ್ಷೆ ನಡೆಸಿದ್ದ ಅಮೆರಿಕದ ಇಟಿಎಸ್ ಸಂಸ್ಥೆ ಹಳೆಯ ಧ್ವನಿಮುದ್ರಣಗಳನ್ನು ಧ್ವನಿ ಗುರುತಿಸುವ ತಂತ್ರಾಂಶಕ್ಕೆ ಹಾಕಿ ಜಾಲಾಡಿತು. 2011ರಿಂದ 2014ರ ನಡುವೆ ಬ್ರಿಟನ್ನಿನಲ್ಲಿ ನಡೆದ 58,458 ಪರೀಕ್ಷೆಗಳಲ್ಲಿ 33,663 ಅಸಿಂಧು, 22,476 ಸಂಶಯಾಸ್ಪದ ಎಂದಿತು. ಅಂದರೆ ನೂರಕ್ಕೆ 96 ಪರೀಕ್ಷೆಗಳ ಮೇಲೆ ಒಂದಲ್ಲ ಒಂದು ಕಪ್ಪುಚುಕ್ಕೆ. ವೀಸಾಗಳು ರದ್ದಾದವು, ಕಾಲೇಜುಗಳು ಬಾಗಿಲು ಹಾಕಿದವು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರಲ್ಲಿ ಕೊಟ್ಟ ವರದಿಯ ಪ್ರಕಾರ ಸುಮಾರು 2,500 ಮಂದಿಯನ್ನು ಬಲವಂತವಾಗಿ ಹೊರಹಾಕಲಾಗಿತ್ತು, 7,200ಕ್ಕೂ ಹೆಚ್ಚು ಜನ ತಾವೇ ದೇಶ ಬಿಟ್ಟಿದ್ದರು.

ಮೋಸ ನಡೆದದ್ದು ನಿಜ. ಮೋಸ ಮಾಡದವರೂ ಬಲೆಗೆ ಬಿದ್ದರು ಎನ್ನುವುದೂ ನಿಜ. ತಂತ್ರಾಂಶದ ಬೊಟ್ಟು ತಮ್ಮ ಕಡೆ ತಿರುಗಿದಾಗ ಅದನ್ನು ಸುಳ್ಳೆಂದು ತೋರಿಸುವ ಭಾರ ವಿದ್ಯಾರ್ಥಿಗಳ ಮೇಲೇ ಬಿತ್ತು. ಅವರಲ್ಲಿ ಭಾರತದವರು ಬಹಳ ಮಂದಿ. ಸರಾಗವಾಗಿ ಇಂಗ್ಲಿಷ್ ಆಡುವವರು, ನಕಲು ಮಾಡುವ ಅಗತ್ಯವೇ ಇಲ್ಲದವರು, ‘ಮೋಸಗಾರ’ ಎಂಬ ಹಣೆಪಟ್ಟಿ ಹೊತ್ತು ವರ್ಷಗಟ್ಟಲೆ ನ್ಯಾಯಮಂಡಳಿಗಳಿಗೆ ಅಲೆದರು. 2019ರ ಮಾರ್ಚ್ ವೇಳೆಗೆ ಸುಮಾರು 12,500 ಮೇಲ್ಮನವಿಗಳ ವಿಚಾರಣೆ ಮುಗಿದು, 3,600 ಮಂದಿ ಗೆದ್ದಿದ್ದರು. ಮೋಸಗಾರರ ಮೇಲೆ ಬಿರುಸಾಗಿ ಎರಗಿದ ಇಲಾಖೆ ನಿರಪರಾಧಿಗಳನ್ನು ಕಾಪಾಡುವುದರಲ್ಲೂ ಅಷ್ಟೇ ಹೊಣೆ ಹೊರಬೇಕಿತ್ತು ಎಂಬುದು ಲೆಕ್ಕಪರಿಶೋಧಕರ ಅಭಿಪ್ರಾಯವಾಗಿತ್ತು. ಓದು ಅರ್ಧಕ್ಕೆ ನಿಂತು, ಹೊಲ ಮಾರಿ ಕಟ್ಟಿದ ಶುಲ್ಕ ಕರಗಿ, ಊರಿಗೆ ಮುಖ ತೋರಿಸಲಾಗದೆ ಉಳಿದವರ ನಷ್ಟಕ್ಕೆ ಯಾವ ವರದಿಯಲ್ಲೂ ಅಂಕೆ ಇಲ್ಲ.

ಇಂದು ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಕೈಗಡಿಯಾರ ಬಿಚ್ಚಿಸಿ, ಜೇಬು ತಡಕಿ, ಬೆರಳಚ್ಚು ಮತ್ತು ಫೋಟೊ ತೆಗೆದುಕೊಳ್ಳುವಾಗ ಕೆಲವರಿಗೆ ಅವಮಾನ ಅನಿಸುತ್ತದೆ. ಆದರೆ ನಾಳೆ ಯಾರಾದರೂ ಬೊಟ್ಟು ಮಾಡಿದರೆ ‘ಪರೀಕ್ಷೆ ಬರೆದದ್ದು ನಾನೇ’ ಎಂದು ಸಾಕ್ಷಿ ಹೇಳುವುದು ಅದೇ ಬೆರಳಚ್ಚು. ‘ಪರೀಕ್ಷೆ ಬರೆಯದೆ ಸರ್ಟಿಫಿಕೇಟು ಕೊಡಿಸುತ್ತೇವೆ’ ಎನ್ನುವ ವಾಟ್ಸ್ಆ್ಯಪ್ ಸಂದೇಶಗಳನ್ನು ನಂಬುವವರು ಇನ್ನೂ ಇದ್ದಾರೆ. ವೀಸಾ ಅಧಿಕಾರಿ ಅಂಕಗಳನ್ನು ನೇರವಾಗಿ ಸಂಸ್ಥೆಯ ದಾಖಲೆಯಲ್ಲೇ ನೋಡುತ್ತಾನೆ. ಸುಳ್ಳು ದಾಖಲೆ ಸಿಕ್ಕಿದರೆ ಬ್ರಿಟನ್ 10 ವರ್ಷ, ಕೆನಡಾ 5 ವರ್ಷ ಬಾಗಿಲು ಮುಚ್ಚಬಲ್ಲದು.

ಇನ್ನು ಪರೀಕ್ಷೆಯ ಒಳಗೆ. ಕನ್ನಡಿಗರು ಹೆದರುವುದು ಉಚ್ಚಾರಕ್ಕೆ, ಅಂಕ ಕಳೆದುಕೊಳ್ಳುವುದು ಬೇರೆ ಕಡೆ.

ನಮ್ಮ ನಾಲಿಗೆಗೆ ಅದರದೇ ಪದ್ಧತಿಯಿದೆ. ಕನ್ನಡದ ಮಾತಿನಲ್ಲಿ ‘ಎಲೆ’ ‘ಯೆಲೆ’ ಆಗುವಂತೆ ಇಂಗ್ಲಿಷಿನ ಎಗ್ ‘ಯೆಗ್ಗು’ ಆಗುತ್ತದೆ, ಓನ್ಲಿ ‘ವೋನ್ಲಿ’ ಆಗುತ್ತದೆ. ಪದ ವ್ಯಂಜನದಲ್ಲಿ ಮುಗಿಯುವುದು ಕನ್ನಡದ ಕಿವಿಗೆ ಒಗ್ಗದ್ದರಿಂದ ಬಸ್ಸು, ಕಾರು, ಬೆಂಚು. ಇವುಗಳಿಂದ ಪರೀಕ್ಷೆ ಹಾಳಾಗುವುದಿಲ್ಲ. ಐಇಎಲ್‌ಟಿಎಸ್ ಪರೀಕ್ಷಕರು ನೋಡುವುದು ಕೇಳುಗರಿಗೆ ಅರ್ಥವಾಗುತ್ತದೆಯೇ ಎನ್ನುವುದನ್ನು, ಲಂಡನ್ನಿನವರಂತೆ ಕೇಳುತ್ತದೆಯೇ ಎಂಬುದನ್ನಲ್ಲ. ಎರವಲು ಉಚ್ಚಾರ ಹಾಕಿಕೊಂಡು ಹೋದವರೇ ಎರಡನೇ ನಿಮಿಷದಲ್ಲಿ ಅದನ್ನು ಕಾಪಾಡಿಕೊಳ್ಳಲಾಗದೆ ಸಿಕ್ಕಿಬೀಳುತ್ತಾರೆ. ತಿದ್ದಿಕೊಳ್ಳಲೇಬೇಕಾದದ್ದು ಪದದೊಳಗಿನ ಒತ್ತು. ಕನ್ನಡದ ಪದಗಳು ಹೆಚ್ಚುಕಡಿಮೆ ಸಮವಾಗಿ ನಡೆಯುತ್ತವೆ. ಇಂಗ್ಲಿಷಿನಲ್ಲಿ ಫೋಟೋಗ್ರಾಫ್ ಎನ್ನುವಾಗ ಒತ್ತು ಮೊದಲಲ್ಲಿ, ಫೊಟಾಗ್ರಫಿ ಎನ್ನುವಾಗ ಎರಡನೆಯದರಲ್ಲಿ. ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ತರ ಕೇಳಿದರೆ ಆಡುವಾಗಲೂ ತೊಂದರೆ, ಕೇಳಿ ಬರೆಯುವಾಗಲೂ ತೊಂದರೆ.

ಕೇಳುವ ವಿಭಾಗದಲ್ಲಿ 40 ಪ್ರಶ್ನೆ, ಸುಮಾರು 30 ನಿಮಿಷ, ಧ್ವನಿ ಕೇಳಿಸುವುದು ಒಂದೇ ಸಲ. ಉತ್ತರ ಗೊತ್ತಿದ್ದೂ ಕಾಗುಣಿತ ತಪ್ಪಿದರೆ ಅಂಕವಿಲ್ಲ. ಆಡಿದಂತೆ ಬರೆಯುವ ಲಿಪಿಯಲ್ಲಿ ಬೆಳೆದವರಿಗೆ ಅಕಾಮಡೇಶನ್‌ನಲ್ಲಿ ಎರಡು ಸಿ, ಎರಡು ಎಂ ಇವೆ ಎಂಬುದು ಯಾವ ನ್ಯಾಯ ಅನಿಸಿದರೆ ಆಶ್ಚರ್ಯವಿಲ್ಲ. ‘ಎರಡು ಪದ ಮೀರದಂತೆ’ ಎಂದಿರುವಲ್ಲಿ ಮೂರು ಪದ ಬರೆದರೂ ಸೊನ್ನೆ. ಬಹುವಚನದ ಕೊನೆಯ ಎಸ್ ಬಿಟ್ಟರೂ ಸೊನ್ನೆ.

ಓದಿನ ವಿಭಾಗದಲ್ಲಿ ಎಲ್ಲರನ್ನೂ ಕಾಡುವುದು ಸರಿ, ತಪ್ಪು, ‘ಹೇಳಿಲ್ಲ’ ಎಂಬ ಮೂರು ಆಯ್ಕೆಯ ಪ್ರಶ್ನೆ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ಶುರುವಾಯಿತು ಎಂದು ಗದ್ಯದಲ್ಲಿದೆ ಎಂದುಕೊಳ್ಳೋಣ. 1930ರಲ್ಲಿ ಶುರುವಾಯಿತು ಎಂಬ ಹೇಳಿಕೆ ತಪ್ಪು. ಮೈಸೂರು ರೇಷ್ಮೆ ಸೀರೆಗೆ ಬಹಳ ಬೇಡಿಕೆಯಿದೆ ಎಂಬ ಹೇಳಿಕೆಗೆ? ನಮ್ಮ ಕೈ ತಾನಾಗಿ ‘ಸರಿ’ಯತ್ತ ಹೋಗುತ್ತದೆ. ಗದ್ಯದಲ್ಲಿ ಆ ಮಾತು ಇಲ್ಲದಿದ್ದರೆ ಉತ್ತರ ‘ಹೇಳಿಲ್ಲ’. ಬುದ್ಧಿವಂತರು, ಲೋಕ ಬಲ್ಲವರು ಇಲ್ಲಿ ಹೆಚ್ಚು ತಪ್ಪುತ್ತಾರೆ, ಏಕೆಂದರೆ ಅವರಿಗೆ ಗದ್ಯಕ್ಕಿಂತ ಹೆಚ್ಚು ಗೊತ್ತಿರುತ್ತದೆ.

ನಿಜವಾದ ಸೋಲು ಬರಹದಲ್ಲಿ. ಒಂದು ಗಂಟೆಯಲ್ಲಿ ಎರಡು ಬರಹ. ಮೊದಲನೆಯದು ಕನಿಷ್ಠ 150 ಪದ, ಎರಡನೆಯದು ಕನಿಷ್ಠ 250 ಪದದ ಪ್ರಬಂಧ. ಪ್ರಬಂಧಕ್ಕೆ ಎರಡರಷ್ಟು ತೂಕ. ನಮ್ಮ ಶಾಲೆಗಳಲ್ಲಿ ಗಾದೆ ವಿಸ್ತರಣೆ ಬರೆಸುತ್ತಿದ್ದುದು ನೆನಪಿರಬಹುದು. ಯಾವ ಗಾದೆಯೇ ಬರಲಿ, ಗಾದೆಗಳು ಹಿರಿಯರ ಅನುಭವದ ಮಾತುಗಳು ಎಂದು ಒಂದು ಪೀಠಿಕೆ, ಒಂದು ಕಥೆ, ಒಂದು ಮುಕ್ತಾಯ. ಪೀಠಿಕೆ ಎಲ್ಲ ಗಾದೆಗೂ ಹೊಂದುತ್ತಿತ್ತು, ಅಂಕವೂ ಬರುತ್ತಿತ್ತು. ಅದೇ ರೂಢಿಯಲ್ಲಿ ಕೋಚಿಂಗ್ ಕ್ಲಾಸಿನ ಸಿದ್ಧ ಪೀಠಿಕೆಯನ್ನು ಬಾಯಿಪಾಠ ಮಾಡಿ ಹೋದವರಿಗೆ ಇಲ್ಲಿ ಪೆಟ್ಟು ಬೀಳುತ್ತದೆ. ಪರೀಕ್ಷಕರು ಅಂಥ ಸಾಲುಗಳನ್ನು ಗುರುತಿಸುವುದಕ್ಕೇ ತರಬೇತಿ ಪಡೆದವರು. ಅವರಿಗೆ ಬೇಕಾದದ್ದು ಕೇಳಿದ ಪ್ರಶ್ನೆಗೆ ಉತ್ತರ, ನಿಮ್ಮ ನಿಲುವು, ಅದಕ್ಕೆ ಕಾರಣ. ವ್ಯಾಕರಣದಲ್ಲಿ ನಮಗೆ ಕೈಕೊಡುವುದು ‘ಎ’ ಮತ್ತು ‘ದ’. ಕನ್ನಡದಲ್ಲಿ ‘ಒಂದು’ ಇದೆ, ‘ದ’ ಎಂಬುದಕ್ಕೆ ಸಾಟಿಯೇ ಇಲ್ಲ, ಹಾಗಾಗಿ ಎಲ್ಲಿ ಬೇಕೋ ಅಲ್ಲಿ ಬಿಟ್ಟು ಎಲ್ಲಿ ಬೇಡವೋ ಅಲ್ಲಿ ಸೇರಿಸುತ್ತೇವೆ. ‘ಡಿಸ್ಕಸ್ ಅಬೌಟ್’, ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’, ಸರ್ಕಾರಿ ಪತ್ರಗಳಿಂದ ಬಂದ ‘ಡೂ ದ ನೀಡ್‌ಫುಲ್’, ಇವೆಲ್ಲ ನಮ್ಮ ಕಚೇರಿಗಳಲ್ಲಿ ಸಲೀಸಾಗಿ ನಡೆಯುತ್ತವೆ. ಯಾರೂ ತಿದ್ದದ ತಪ್ಪುಗಳು ಇವು, ಆದ್ದರಿಂದಲೇ ಹತ್ತು ವರ್ಷದ ಅನುಭವಿಗಳೂ ಬರಹದಲ್ಲಿ 6.5ಕ್ಕೆ ನಿಲ್ಲುತ್ತಾರೆ.

6.5ಕ್ಕೂ 7ಕ್ಕೂ ನಡುವೆ ಇರುವುದು ಅರ್ಧ ಬ್ಯಾಂಡು, ಅಂದರೆ ಐಇಎಲ್‌ಟಿಎಸ್ ಅಳತೆಯಲ್ಲಿ ಅರ್ಧ ಅಂಕ. ಅದರ ಬೆಲೆ ತಿಳಿಯಲು, ಅಂಕ ನೋಡಿ ಕಾಯಂ ವಾಸಕ್ಕೆ ಆಹ್ವಾನಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯ ಲೆಕ್ಕ ನೋಡಬೇಕು. ಅಲ್ಲಿ ಭಾಷೆಯ 9ನೇ ಮಟ್ಟಕ್ಕೆ ಕೇಳುವಿಕೆಯಲ್ಲಿ 8, ಉಳಿದ ಮೂರರಲ್ಲೂ 7 ಬೇಕು. ಮದುವೆಯಾಗದ ಪದವೀಧರ, ಕೆನಡಾದ ಹೊರಗೆ ಮೂರು ವರ್ಷ ಕೆಲಸ ಮಾಡಿದವನು, ಮಿಕ್ಕದ್ದೆಲ್ಲ ದಾಟಿ ಬರಹದಲ್ಲಿ 6.5 ತಂದ ಎನ್ನೋಣ. ಬರಹಕ್ಕೆ ನೇರವಾಗಿ ಕಡಿಮೆಯಾಗುವುದು 8 ಅಂಕ. ಆದರೆ ಪದವಿಗೆ ಸಿಗುವ ಹೆಚ್ಚುವರಿ ಅಂಕ 25ರಿಂದ 13ಕ್ಕೆ, ಅನುಭವಕ್ಕೆ ಸಿಗುವುದು 50ರಿಂದ 25ಕ್ಕೆ ಇಳಿಯುತ್ತದೆ, ಏಕೆಂದರೆ ಆ ಪೂರ್ಣ ಅಂಕಗಳಿಗೆ ನಾಲ್ಕೂ ವಿಭಾಗ 9ನೇ ಮಟ್ಟ ಮುಟ್ಟಲೇಬೇಕು. ಒಟ್ಟು 45 ಅಂಕ ಹೋಯಿತು. ಕೆಲವೇ ಅಂಕಗಳಲ್ಲಿ ಆಹ್ವಾನ ತಪ್ಪುವ ಜಾಗದಲ್ಲಿ ಇದು ಬೆಟ್ಟದಷ್ಟು. ಒಟ್ಟು ಬ್ಯಾಂಡು ಎಷ್ಟು ಎಂದು ಹಿಗ್ಗುವ ಮೊದಲು ಪ್ರತಿ ವಿಭಾಗಕ್ಕೆ ಎಷ್ಟು ಬೇಕು ಎಂದು ನೋಡಿಕೊಳ್ಳುವುದು ಅದಕ್ಕೇ.

ಅನ್ಯಾಯವಾಯಿತು ಅನಿಸಿದರೆ ಆರು ವಾರದೊಳಗೆ ಮರುಮೌಲ್ಯಮಾಪನ ಕೇಳಬಹುದು, ಅಂಕ ಬದಲಾದರೆ ಆ ಶುಲ್ಕ ವಾಪಸು. ಒಂದೇ ವಿಭಾಗವನ್ನು 60 ದಿನದೊಳಗೆ ಮತ್ತೆ ಬರೆಯುವ ಸೌಲಭ್ಯವೂ ಬಂದಿದೆ, ಎಲ್ಲ ದೇಶಗಳೂ ಅದನ್ನು ಒಪ್ಪುವುದಿಲ್ಲ. ಇಡೀ ಪರೀಕ್ಷೆಗೆ ಇನ್ನೊಮ್ಮೆ ಕೂತರೆ ಮತ್ತೆ ಪೂರ್ತಿ ಶುಲ್ಕ. ಫಲಿತಾಂಶದ ಆಯುಷ್ಯ ಸಾಮಾನ್ಯವಾಗಿ ಎರಡೇ ವರ್ಷ.

ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ ಹೊರಬರುವವರಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಬ್ರಿಟನ್ನಿನ ನರ್ಸಿಂಗ್ ಮಂಡಳಿಗೆ ಓದು, ಮಾತು, ಕೇಳುವಿಕೆ ಮೂರರಲ್ಲೂ 7, ಬರಹದಲ್ಲಿ 6.5 ಬೇಕು. 2018ರ ಕೊನೆಯ ತನಕ ಬರಹಕ್ಕೂ 7 ಇತ್ತು. ಜಾಗತೀಕರಣದ ಬಗ್ಗೆ ಪ್ರಬಂಧ ಬರೆಯಲಾರದ ನರ್ಸ್ ರೋಗಿಯನ್ನು ಚೆನ್ನಾಗಿ ನೋಡಿಕೊಳ್ಳಲಾರಳೇ ಎಂಬ ಪ್ರಶ್ನೆ ಸಹಜವಾಗಿತ್ತು. 2017ರಿಂದ ಆ ಮಂಡಳಿ ಓಇಟಿಯನ್ನೂ ಒಪ್ಪುತ್ತಿದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಈ ಪರೀಕ್ಷೆ ಆರೋಗ್ಯ ವೃತ್ತಿಯವರಿಗೇ ಮೀಸಲು. ಇಲ್ಲಿ ಬರಹವೆಂದರೆ ಒಬ್ಬ ರೋಗಿಯ ಟಿಪ್ಪಣಿಗಳನ್ನು ಓದಿ, ಮುಂದೆ ನೋಡಿಕೊಳ್ಳುವವರಿಗೆ 45 ನಿಮಿಷದಲ್ಲಿ ಒಂದು ಪತ್ರ. ಟಿಪ್ಪಣಿಯಲ್ಲಿ ಬೇಡದ್ದೂ ಇರುತ್ತದೆ, ಬೇಕಾದದ್ದನ್ನು ಆರಿಸಿಕೊಳ್ಳಬೇಕು. ಮಾತಿನ ಭಾಗದಲ್ಲಿ ಎದುರಿನವರು ರೋಗಿಯಾಗಿ ಅಥವಾ ರೋಗಿಯ ಮನೆಯವರಾಗಿ ಮಾತಾಡುತ್ತಾರೆ, ಹೆದರಿದವರಿಗೆ ಸಮಾಧಾನ ಹೇಳಬೇಕು. ವಾರ್ಡಿನಲ್ಲಿ ಬೆಳಗಿನ ಪಾಳಿಯವರಿಗೆ ಕೆಲಸ ಒಪ್ಪಿಸಿ ಬರುವ ನರ್ಸಿಗೆ ಇದು ದಿನದ ಕೆಲಸ. ಪರೀಕ್ಷೆ ಕೆಲಸಕ್ಕೆ ಇಷ್ಟು ಹತ್ತಿರ ಬಂದಾಗ ಅದಕ್ಕೆ ಓದುವುದೂ ವ್ಯರ್ಥವಾಗುವುದಿಲ್ಲ.

ಎಲ್ಲಕ್ಕಿಂತ ಚಿಕ್ಕ ಪರೀಕ್ಷೆ ಗಂಡನನ್ನೋ ಹೆಂಡತಿಯನ್ನೋ ಸೇರಲು ಬ್ರಿಟನ್ನಿಗೆ ಹೊರಟವರದ್ದು. 2010ರ ನವೆಂಬರ್ 29ರಿಂದ ಸಂಗಾತಿ ವೀಸಾಕ್ಕೂ ಎ1 ಮಟ್ಟದ ಇಂಗ್ಲಿಷ್ ಕಡ್ಡಾಯವಾಯಿತು. ಇದು ಕುಟುಂಬ ಜೀವನದ ಹಕ್ಕಿಗೆ ಧಕ್ಕೆ ಎಂದು ಇಬ್ಬರು ಮಹಿಳೆಯರು ನ್ಯಾಯಾಲಯಕ್ಕೆ ಹೋದರು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ನಿಯಮವನ್ನು ಎತ್ತಿಹಿಡಿಯಿತು, ಆದರೆ ವಿನಾಯಿತಿಯ ಮಾರ್ಗಸೂಚಿ ತೀರ ಬಿಗಿಯಾಗಿದೆ, ಕಲಿಯಲು ತರಗತಿಯೇ ಸಿಗದ ಕಡೆ ಇದು ಅನ್ಯಾಯವಾಗಬಹುದು ಎಂದು ಎಚ್ಚರಿಸಿತು. ಹೋದ ಮೇಲೂ ಮೆಟ್ಟಿಲು ಮುಗಿಯುವುದಿಲ್ಲ. ಎರಡೂವರೆ ವರ್ಷದ ವಿಸ್ತರಣೆಗೆ ಎ2, ಕಾಯಂ ವಾಸಕ್ಕೆ ಬಿ1.

ಐಇಎಲ್‌ಟಿಎಸ್‌ನವರು ನಡೆಸುವ ಎ1 ಪರೀಕ್ಷೆಗೆ ಲೈಫ್ ಸ್ಕಿಲ್ಸ್ ಎಂಬ ಹೆಸರಿದೆ. ಓದು ಇಲ್ಲ, ಬರಹ ಇಲ್ಲ, ಬ್ಯಾಂಡೂ ಇಲ್ಲ, ಪಾಸು ಅಥವಾ ಫೇಲು. ಕೋಣೆಗೆ ಇಬ್ಬರು ಅಭ್ಯರ್ಥಿಗಳನ್ನು ಒಟ್ಟಿಗೆ ಕರೆಯುತ್ತಾರೆ. ಒಬ್ಬರು ಹಾವೇರಿ ಕಡೆಯಿಂದ ಬಂದ ಹೊಸ ಮದುಮಗಳಿರಬಹುದು, ಇನ್ನೊಬ್ಬರು ಯಾವ ಊರಿನವರೋ. ಇಂಗ್ಲಿಷ್ ಬಿಟ್ಟು ಇಬ್ಬರಿಗೂ ಹೊಂದುವ ಇನ್ನೊಂದು ಭಾಷೆ ಇಲ್ಲದೆಯೂ ಇರಬಹುದು. ಪರೀಕ್ಷಕರು ಸ್ವಲ್ಪ ಮಾತಾಡಿಸಿ, ಒಂದು ಚಿಕ್ಕ ಧ್ವನಿಮುದ್ರಣ ಕೇಳಿಸಿ, ಆಮೇಲೆ ಒಂದು ವಿಷಯ ಕೊಟ್ಟು ಸುಮ್ಮನಾಗುತ್ತಾರೆ. ಪೇಟೆಗೆ ಹೋಗುವುದೋ, ಅಡುಗೆಯೋ, ಮನೆಯೋ. ಮುಂದಿನ ಮಾತು ಆ ಇಬ್ಬರದು. ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಬೇಕು, ಮತ್ತೆ ತಿರುಗಿ ಕೇಳಬೇಕು. ಅಂದು ಬೆಳಿಗ್ಗೆಯ ತನಕ ಒಬ್ಬರನ್ನೊಬ್ಬರು ಕಂಡೇ ಇರದ ಇಬ್ಬರು, ತಮ್ಮ ತಮ್ಮ ಊರಿನ ಸಂತೆಯಲ್ಲಿ ಏನೇನು ಸಿಗುತ್ತದೆ ಎಂದು ಇರುವಷ್ಟು ಪದಗಳಲ್ಲಿ ಹೇಳಿಕೊಳ್ಳುತ್ತಾರೆ.